ತೋಡಿನ ಆಚೆಯ ಮಕ್ಕಳು: ಕಾಸರಗೋಡಿನ ಒಂದು ಅಂಗನವಾಡಿ ತನ್ನ ಊಟದ ಕ್ರಮ ಬದಲಿಸಿದ ಪ್ರಕರಣ

ಕಾಗದದ ಮೇಲೆ ಆ ವಾರ್ಡಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆರು ತಿಂಗಳಿನಿಂದ ಮೂರು ವರ್ಷದೊಳಗಿನ ಎಲ್ಲ ಮಕ್ಕಳ ಹೆಸರು ಅಂಗನವಾಡಿಯ ಪುಸ್ತಕದಲ್ಲಿತ್ತು. ಎಲ್ಲರ ಹೆಸರಿನ ಮುಂದೆ ಅಮೃತಂ ನ್ಯೂಟ್ರಿಮಿಕ್ಸ್ ಎಂಬ ಪೌಷ್ಟಿಕ ಹಿಟ್ಟಿನ ಪೊಟ್ಟಣ ಕೊಟ್ಟ ಗುರುತೂ ಇತ್ತು. ಆದರೆ ತೋಡಿನ (ಹಳ್ಳದ) ಆಚೆ, ಗುಡ್ಡದ ಮಗ್ಗುಲಲ್ಲಿರುವ ಕೊರಗ ಬುಡಕಟ್ಟಿನವರ ಕೊಪ್ಪದ (ಕೇರಿಯ) ಮಕ್ಕಳ ತೂಕ ಮಾತ್ರ ಏರುತ್ತಿರಲಿಲ್ಲ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕೆಲವರದ್ದು ಇಳಿಯುತ್ತಲೇ ಇತ್ತು. ತೋಳಿನ ಸುತ್ತಳತೆ ನೋಡುವ ಪಟ್ಟಿ 12.5 ಸೆಂಟಿಮೀಟರಿಗಿಂತ ಕೆಳಗೆ, ಹಳದಿಯಲ್ಲಿ ನಿಲ್ಲುತ್ತಿತ್ತು. ಒಂದು ಹೆಣ್ಣುಮಗುವಿನದ್ದು 11.5ಕ್ಕಿಂತಲೂ ಕೆಳಗೆ, ಕೆಂಪಿನಲ್ಲಿತ್ತು. ಕೆಂಪು ಎಂದರೆ ತೀವ್ರ ಅಪೌಷ್ಟಿಕತೆ. ತಡಮಾಡುವ ಹಾಗಿಲ್ಲ.

ಇದು ಮಂಜೇಶ್ವರ ತಾಲೂಕಿನ ಮೂಡು ಭಾಗದ ಒಂದು ವಾರ್ಡ್. ಪಂಚಾಯತಿನ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಊರು ಚಿಕ್ಕದು, ಕೊಪ್ಪದ ಮನೆಗಳು ಬೆರಳೆಣಿಕೆಯವು, ಯಾರ ಮಗು ಎಂದು ಗುರುತು ಹಿಡಿಯಲು ಹೊತ್ತು ಬೇಡ. ವಾರ್ಡಿನ ಆರೋಗ್ಯ, ಶುಚಿತ್ವ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ನಾನೂ ಇದ್ದೆ. ಅಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದವಳಾಗಿ ಬರೆಯುತ್ತಿದ್ದೇನೆ.

ವಾರ್ಡಿನ ಚಿತ್ರ ಹೀಗಿದೆ. ಕೆಳಗೆ ಅಡಿಕೆ ತೋಟ, ಮೇಲೆ ಗೇರು ಮತ್ತು ರಬ್ಬರ್. ರಸ್ತೆ ಬದಿಯಲ್ಲಿ ಅಂಗನವಾಡಿ. ಅದರ ಸುತ್ತ ತುಳು ಮಾತಾಡುವ ಮನೆಗಳು, ಬ್ಯಾರಿ ಮತ್ತು ಮಲಯಾಳ ಮಾತಾಡುವ ಮುಸ್ಲಿಂ ಮನೆಗಳು, ಕೆಲವು ಹವ್ಯಕರ ಮನೆ, ಮರಾಟಿ ನಾಯ್ಕರ ಮನೆ. ಕೆಂಪುಕಲ್ಲು ಕಡಿಯುವ ಪಣೆಯ ಹತ್ತಿರ ಬಡಗು ಕರ್ನಾಟಕದಿಂದ ಬಂದ ಕೂಲಿ ಕುಟುಂಬಗಳ ಶೆಡ್‌ಗಳು. ತೋಡು ದಾಟಿದರೆ ಕೊಪ್ಪ. ಇಷ್ಟು ಬಗೆಯ ಜನರಿಗೆ ಒಂದೇ ಅಂಗನವಾಡಿ, ಒಂದೇ ಹೊತ್ತು, ಒಂದೇ ಪೊಟ್ಟಣ.

ಪೊಟ್ಟಣದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅಮೃತಂ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ್ದು. ಕಾಸರಗೋಡಿನ ಕೇಂದ್ರ ತೋಟಬೆಳೆ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಪಿಸಿಆರ್‌ಐ ಅನ್ನುವುದು, ಇದರ ಪಾಕವನ್ನು ರೂಪಿಸಿತು. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಘಟಕಗಳ ಹೆಂಗಸರು ಇದನ್ನು ಹುರಿದು ಪುಡಿ ಮಾಡುತ್ತಾರೆ. 100 ಗ್ರಾಂ ಹಿಟ್ಟಿನಲ್ಲಿ 45 ಗ್ರಾಂ ಗೋಧಿ, 15 ಗ್ರಾಂ ಕಡಲೆಬೇಳೆ, 10 ಗ್ರಾಂ ನೆಲಗಡಲೆ, 10 ಗ್ರಾಂ ಸೋಯಾ, 20 ಗ್ರಾಂ ಸಕ್ಕರೆ. ಒಳ್ಳೆಯ ಆಹಾರವೇ. ಅದು ಮಗುವಿನ ಹೊಟ್ಟೆ ಸೇರುವ ದಾರಿಯಲ್ಲಿ ಎಲ್ಲಿ ನಿಲ್ಲುತ್ತಿದೆ ಅನ್ನುವುದೇ ಪ್ರಶ್ನೆ.

ಮೊದಲ ಸಭೆ

ಸಮಿತಿಯ ಸಭೆಯಲ್ಲಿ ಮೊದಲು ಬಂದ ಉತ್ತರ ಎಲ್ಲ ಕಡೆ ಬರುವಂಥದ್ದೇ. "ಅವರಿಗೆ ತಿಳುವಳಿಕೆ ಸಾಲದು. ಕೊಟ್ಟದ್ದನ್ನು ಮಕ್ಕಳಿಗೆ ತಿನ್ನಿಸುವುದಿಲ್ಲ. ಒಂದು ಕ್ಲಾಸ್ ಇಡೋಣ." ಹೇಳಿದವರು ಕೆಟ್ಟವರಲ್ಲ. ಆದರೆ ಕ್ಲಾಸ್ ಹಿಂದಿನ ವರ್ಷವೂ ಆಗಿತ್ತು. ಚಾರ್ಟ್ ಮಲಯಾಳದಲ್ಲಿತ್ತು. ಮಾತಾಡಿದವರು ತೆಂಕು ಜಿಲ್ಲೆಯಿಂದ ಬಂದವರು. ಕೇಳಿದವರು ಮನೆಯೊಳಗೆ ಕೊರಗ ಭಾಷೆ, ಹೊರಗೆ ತುಳು ಆಡುವವರು, ಓದಲು ಬಂದರೆ ಕನ್ನಡ ಓದುವವರು. ಕ್ಲಾಸ್ ಮುಗಿದ ಮೇಲೆ ಹಾಜರಿ ಪುಸ್ತಕಕ್ಕೆ ಸಹಿ ಬಿತ್ತು, ಅಷ್ಟೇ.

ಸಭೆಯಲ್ಲಿ ದಿಕ್ಕು ತಪ್ಪದಂತೆ ಹಿಡಿದವರು ಆಶಾ ಕಾರ್ಯಕರ್ತೆ. ಆಕೆ ಅದೇ ಊರಿನ ತುಳು ಹೆಣ್ಣುಮಗಳು. "ಟೀಚರೇ, ಈ ಸಲ ನಾವು ಹೇಳೋದು ಬೇಡ. ಹೋಗಿ ಕೂತು ಕೇಳೋಣ" ಅಂದರು. ಪ್ಲಸ್ ಟು (ಹನ್ನೆರಡನೇ ತರಗತಿ) ಮುಗಿಸಿದ ಒಬ್ಬ ಹುಡುಗಿ ಕೊಪ್ಪದಲ್ಲೇ ಇದ್ದಳು. ಅವಳು ಜೊತೆಗಿದ್ದರೆ ಮಾತ್ರ ಹೋಗುವುದು ಎಂದು ತೀರ್ಮಾನವಾಯಿತು. ಅವಳ ಕೆಲಸ ಭಾಷೆ ದಾಟಿಸುವುದಷ್ಟೇ ಆಗಿರಲಿಲ್ಲ. ಯಾವ ಪ್ರಶ್ನೆಯನ್ನು ಕೇಳಬಾರದು ಅನ್ನುವುದನ್ನೂ ಅವಳೇ ಹೇಳಿದಳು. ಗಂಡಸರು ಕುಡಿಯುವ ವಿಷಯವನ್ನು ಮೊದಲ ದಿನವೇ ಎತ್ತಬೇಡಿ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ ಅಂದಳು.

ಕೊಪ್ಪದ ಅಂಗಳದಲ್ಲಿ ಕೇಳಿದ್ದು

ಹೆಂಗಸರು ಬುಟ್ಟಿ ಹೆಣೆಯುತ್ತಲೇ ಮಾತಾಡಿದರು. ಬುಟ್ಟಿಗೆ ಬೇಕಾದ ಬೂರು (ಕಾಡುಬಳ್ಳಿ) ತರಲು ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಬೇಕು. ರಬ್ಬರ್ ಬಂದ ಮೇಲೆ ಬೂರು ಸಿಗುವ ಜಾಗ ದೂರ ಹೋಗಿದೆ. ತಾಯಂದಿರು ಮಧ್ಯಾಹ್ನ ಕಳೆದ ಮೇಲೆ ಮರಳುತ್ತಾರೆ. ಅಲ್ಲಿವರೆಗೆ ಮಕ್ಕಳು ಅಜ್ಜಿಯ ಕೈಯಲ್ಲಿ. ಅಂಗನವಾಡಿಯ ಕ್ಲಾಸಿಗೆ ಕರೆದದ್ದು ತಾಯಂದಿರನ್ನು, ತಿನ್ನಿಸುವವರು ಅಜ್ಜಿಯರು.

"ಹಿಟ್ಟು ಕಾಯಿಸಲು ಒಲೆ ಮುಂದೆ ಕೂತರೆ ಇನ್ನೊಂದು ಮಗು ತೋಡಿನ ಹತ್ತಿರ ಹೋಗಿರುತ್ತದೆ ಮಗಳೇ" ಎಂದು ಒಬ್ಬ ಅಜ್ಜಿ ಆಶಾ ಅವರಿಗೆ ಹೇಳಿದರು. "ಗಂಜಿ ಆದರೆ ಬೆಳಿಗ್ಗೆಯದ್ದೇ ಇರುತ್ತದೆ."

ಗಂಜಿ ಎಂದರೆ ಸಣ್ಣ ಮಕ್ಕಳಿಗೆ ಸಿಗುವುದು ಅದರ ತಿಳಿ. ಇಲ್ಲೇ ತೂಕದ ಗುಟ್ಟು ಇದ್ದದ್ದು. ಒಂದು ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಅದರಲ್ಲಿ ನೀರೇ ತುಂಬಿದರೆ ಮಗು ಸುಮ್ಮನಾಗುತ್ತದೆ, ಬೆಳೆಯುವುದಿಲ್ಲ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಎದೆಹಾಲಿನ ಜೊತೆ ದಿನಕ್ಕೆ ಮೂರು ನಾಲ್ಕು ಸಲ ಗಟ್ಟಿ ಆಹಾರ ಬೇಕು. ಒಂದು ಸಣ್ಣ ಚಮಚ ತೆಂಗಿನೆಣ್ಣೆ ಬೆರೆಸಿದರೂ ಸುಮಾರು 40 ಕ್ಯಾಲೊರಿ ಸೇರುತ್ತದೆ. ತೆಂಗು ಇರುವ ಊರಿನಲ್ಲಿ ಇದು ದೊಡ್ಡ ಮಾತಲ್ಲ. ಆದರೆ ಒಲೆಯ ಮುಂದೆ ಕೂರಲು ಬಿಡುವಿಲ್ಲದ ಅಜ್ಜಿಗೆ ಇದನ್ನು ಹೇಳಿ ಏನು ಪ್ರಯೋಜನ?

ಆಮೇಲೆ ಹಂಚಿಕೆಯ ಮಾತು ಬಂತು. ಪೊಟ್ಟಣ ಒಂದು ಮಗುವಿನ ಹೆಸರಿಗೆ. ಮನೆಯಲ್ಲಿ ಹಸಿದಿರುವವರು ನಾಲ್ವರು. ಮೂವರು ಬಾಯಿ ನೋಡುತ್ತಾ ಕೂತಿರುವಾಗ ಒಂದಕ್ಕೆ ಮಾತ್ರ ತಿನ್ನಿಸುವುದು ಯಾವ ಅಜ್ಜಿಯಿಂದ ಆಗುತ್ತದೆ? ಅದನ್ನು ನಾವು ನಮ್ಮ ವರದಿಗಳಲ್ಲಿ "ಆಹಾರದ ಸೋರಿಕೆ" ಎಂದು ಬರೆಯುತ್ತೇವೆ. ಅವರ ಮನೆಯಲ್ಲಿ ಅದು ನ್ಯಾಯ.

ಕೊನೆಗೆ, ಬಹಳ ಹೊತ್ತು ಕಳೆದ ಮೇಲೆ, ಫೋಟೋದ ವಿಷಯ ಹೊರಗೆ ಬಂತು. ಕಿಟ್ ಕೊಡುವಾಗಲೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಿರುಗುತ್ತದೆ. ಹೈಸ್ಕೂಲಿಗೆ ಹೋಗುವ ಹುಡುಗರಿಗೆ ಶಾಲೆಯಲ್ಲಿ ಅದನ್ನೇ ತೋರಿಸಿ ನಗುತ್ತಾರೆ. "ರೇಷನ್ ಅಂಗಡಿಯಲ್ಲಿ ಯಾರೂ ಯಾರ ಫೋಟೋ ತೆಗೆಯಲ್ಲ. ನಮಗೆ ಕೊಡುವಾಗ ಮಾತ್ರ ಊರೆಲ್ಲ ನೋಡಬೇಕಾ?" ಎಂದು ಕೇಳಿದ್ದು ಆ ಪ್ಲಸ್ ಟು ಹುಡುಗಿಯ ತಾಯಿ.

ಈ ಮಾತಿನ ಹಿಂದೆ ಎಷ್ಟು ಭಾರ ಇದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೊರಗರು ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಬ್ಬರು. 2011ರ ಜನಗಣತಿಯಲ್ಲಿ ಕೇರಳದಲ್ಲಿ ಅವರ ಸಂಖ್ಯೆ 1,500ರ ಆಸುಪಾಸು, ಹೆಚ್ಚುಕಡಿಮೆ ಎಲ್ಲರೂ ನಮ್ಮ ಜಿಲ್ಲೆಯಲ್ಲೇ. 1956ರ ನವೆಂಬರ್ 1ರಂದು ಗಡಿ ಬಿದ್ದಾಗ ಅವರ ನೆಂಟರಿಷ್ಟರು ಆಚೆ ಉಳಿದರು. ಈ ನಾಡಿನಲ್ಲಿ ಅಜಲು ಎಂಬ ಪದ್ಧತಿ ಇತ್ತು. ರೋಗಿಗಳ, ಬಸುರಿಯರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಕಷ್ಟ ಅವರ ಮೇಲೆ ಹೋಗಲಿ ಅನ್ನುವ ನಂಬಿಕೆಯಿಂದ. ಕರ್ನಾಟಕ ಅದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ತರಬೇಕಾಯಿತು. ಅದನ್ನು ಕಂಡ, ಕೇಳಿದ ಹಿರಿಯರು ಇನ್ನೂ ಇದ್ದಾರೆ. ಹೊರಗಿನವರು ನೀಡುವ ಅನ್ನವನ್ನು ಅವಮಾನದ ಜೊತೆಗೇ ನುಂಗಿ ಗೊತ್ತಿರುವ ಜನರ ಮುಂದೆ ನಾವು ಹಿಟ್ಟಿನ ಪೊಟ್ಟಣ ಮತ್ತು ಕ್ಯಾಮೆರಾ ಹಿಡಿದು ನಿಂತಿದ್ದೆವು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಕೇಂದ್ರ ಇದು. ಪ್ರೋಟೀನ್ ಲೆಕ್ಕ, ಕ್ಯಾಲೊರಿ ಲೆಕ್ಕ ಸರಿ ಇರಲೇಬೇಕು. ಆದರೆ ಆಹಾರವನ್ನು ಯಾರು ಬೇಯಿಸುತ್ತಾರೆ, ಯಾರ ಕೈಯಿಂದ ಬರುತ್ತದೆ, ಎಲ್ಲಿ ಕೂತು ತಿನ್ನುತ್ತಾರೆ ಅನ್ನುವುದನ್ನು ತಿನ್ನುವವರೇ ನಿರ್ಧರಿಸದಿದ್ದರೆ ಆ ಲೆಕ್ಕ ಪುಸ್ತಕದಲ್ಲೇ ಉಳಿಯುತ್ತದೆ.

ಚಾಪೆಯ ಮೇಲೆ ನಡೆದ ಯೋಜನೆ

ಮುಂದಿನ ಕೂಟ ಕೊಪ್ಪದಲ್ಲೇ ನಡೆಯಿತು. ಹೊತ್ತನ್ನು ಹೆಂಗಸರೇ ಹೇಳಿದರು, ಸಂಜೆ, ಬುಟ್ಟಿ ಕೆಲಸ ಮುಗಿದ ಮೇಲೆ. ಟೀಚರ್, ಹೆಲ್ಪರ್, ಆಶಾ, ಕುಟುಂಬ ಆರೋಗ್ಯ ಕೇಂದ್ರದ ನರ್ಸ್, ವಾರ್ಡ್ ಮೆಂಬರ್ ಎಲ್ಲರೂ ಚಾಪೆಯ ಮೇಲೆ. ಫೋಟೋ ಇಲ್ಲ. ಆವತ್ತು ಏನನ್ನೂ ತೀರ್ಮಾನಿಸಬಾರದು ಅನ್ನುವ ಒಪ್ಪಂದವೂ ಆಗಿತ್ತು. ಇದು ಮುಖ್ಯ. ತೀರ್ಮಾನ ಮಾಡಲೇಬೇಕು ಎಂದು ಕೂತರೆ ಜೋರಾಗಿ ಮಾತಾಡುವವರ ಮಾತೇ ಗೆಲ್ಲುತ್ತದೆ, ಅಲ್ವಾ?

ಅಜ್ಜಿಯರು ಮೊದಲು ಕೇಳಿದ್ದು ಹಿಟ್ಟನ್ನು ಬೇರೆ ರೀತಿ ಬೇಯಿಸಬಹುದಾ ಎಂದು. ಕಾಯಿಸಿದ ಹಿಟ್ಟು ತಣಿದರೆ ಅಂಟಾಗುತ್ತದೆ, ಮಕ್ಕಳು ಉಗುಳುತ್ತಾರೆ. ಅದರ ಬದಲು ಅಡ್ಯೆ (ಕಡುಬು) ಮಾಡಿದರೆ? ಬಾಳೆಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಸಂಜೆವರೆಗೆ ಇರುತ್ತದೆ, ಒಲೆ ಒಂದೇ ಸಲ ಹಚ್ಚಿದರೆ ಸಾಕು. ಆ ಹೊತ್ತಿಗೇ ಪ್ರಯೋಗ ನಡೆಯಿತು. ಹಿಟ್ಟಿಗೆ ತುರಿದ ತೆಂಗಿನಕಾಯಿ, ಹಿಸುಕಿದ ಬಾಳೆಹಣ್ಣು. ಸಕ್ಕರೆ ಹಿಟ್ಟಿನಲ್ಲೇ ಇರುವುದರಿಂದ ಬೆಲ್ಲ ಬೇಡ ಎಂದು ನರ್ಸ್ ಹೇಳಿದರು. ಮಕ್ಕಳು ತಿಂದರು. ದೊಡ್ಡವರೂ ತಿಂದರು. ಒಂದು ವರ್ಷ ತುಂಬದ ಮಕ್ಕಳಿಗೆ ಅಡ್ಯೆ ಗಂಟಲಿಗೆ ಸಿಕ್ಕುವ ಭಯ ಇರುವುದರಿಂದ ಅವರಿಗೆ ಮಣ್ಣಿಯ ಹದದಲ್ಲಿ, ಚಮಚ ಓರೆ ಮಾಡಿದರೂ ಬೀಳದಷ್ಟು ಗಟ್ಟಿಯಾಗಿ ಕಾಯಿಸಬೇಕು ಎಂದಾಯಿತು. ಉಳಿದ ಅಡ್ಯೆಯನ್ನು ಮಾರನೇ ದಿನಕ್ಕೆ ಇಡುವ ಹಾಗಿಲ್ಲ.

ಹಂಚಿಕೆಯ ತೊಡಕಿಗೆ ಹೆಂಗಸರು ಕೊಟ್ಟ ಪರಿಹಾರ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಪೊಟ್ಟಣಗಳನ್ನು ಮನೆಗಳಿಗೆ ಒಯ್ಯುವುದು ಬೇಡ. ಎಲ್ಲ ಮಕ್ಕಳ ಪೊಟ್ಟಣ ಒಂದೇ ಮನೆಯಲ್ಲಿರಲಿ. ಸರದಿಯಲ್ಲಿ ಒಬ್ಬರು ಗುಡ್ಡಕ್ಕೆ ಹೋಗದೆ ಉಳಿದು ಎಲ್ಲರಿಗೂ ಬೇಯಿಸಲಿ. ದೊಡ್ಡ ಮಕ್ಕಳಿಗೆ ಅಕ್ಕಿ ಮತ್ತು ಹೆಸರುಕಾಳು ಪಂಚಾಯತ್ ಕೊಡಲಿ, ಆಗ ಚಿಕ್ಕವರ ಪಾಲಿಗೆ ಯಾರೂ ಕೈ ಹಾಕುವುದಿಲ್ಲ. ಆದರೆ ಗುಡ್ಡಕ್ಕೆ ಹೋಗದೆ ಉಳಿದವರ ಆ ದಿನದ ಕೂಲಿ? ಈ ಪ್ರಶ್ನೆಯನ್ನು ಅವರೇ ಎತ್ತಿದರು. ಬಿಟ್ಟಿ ಕೆಲಸವನ್ನು ಸೇವೆ ಎಂದು ಕರೆದು ಬಡವರ ತಲೆಗೆ ಕಟ್ಟುವುದು ಎಲ್ಲ ಯೋಜನೆಗಳಲ್ಲಿ ನಡೆಯುತ್ತದೆ. ಇಲ್ಲಿ ಹಾಗಾಗಬಾರದು ಎಂದು ಮೆಂಬರ್ ಪಟ್ಟು ಹಿಡಿದರು. ಪರಿಶಿಷ್ಟ ಪಂಗಡದವರ ಊರುಕೂಟದಲ್ಲಿ ನಿರ್ಣಯವಾಗಿ, ಗ್ರಾಮಸಭೆ ದಾಟಿ, ಪಂಚಾಯತಿನ ಬುಡಕಟ್ಟು ಉಪಯೋಜನೆಯ ಹಣದಲ್ಲಿ ಬೇಯಿಸುವವರಿಗೆ ದಿನಗೂಲಿ ಸೇರಿತು. 1996ರಲ್ಲಿ ಕೇರಳದಲ್ಲಿ ಶುರುವಾದ ಜನಕೀಯ ಯೋಜನೆಯಿಂದಾಗಿ ಪಂಚಾಯತಿನ ಕೈಯಲ್ಲಿ ಇಂಥ ಹಣ ಇರುತ್ತದೆ. ಕೇಳುವವರು ಸಭೆಗೆ ಬಂದು ಕೇಳಬೇಕು, ಕೇಳಿದ್ದು ನಿರ್ಣಯದ ಪುಸ್ತಕಕ್ಕೆ ಬರಬೇಕು.

ಮೂರರಿಂದ ಆರು ವರ್ಷದ ಮಕ್ಕಳದ್ದು ಬೇರೆ ಸಮಸ್ಯೆ. ಅವರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. 2022ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ವಾರಕ್ಕೆ ಎರಡು ದಿನ ಹಾಲು, ಎರಡು ದಿನ ಮೊಟ್ಟೆ ಕೊಡಲು ಶುರು ಮಾಡಿತ್ತು. ಆದರೆ ಜೂನ್‌ನಿಂದ ತೋಡು ತುಂಬಿ ಹರಿಯುವಾಗ ಆ ಮಕ್ಕಳು ದಾಟುವುದು ಹೇಗೆ? ಮೊಟ್ಟೆ ಹೆಚ್ಚು ಬೇಕಾಗುವ ತಿಂಗಳಲ್ಲೇ ಮೊಟ್ಟೆ ಸಿಗುತ್ತಿರಲಿಲ್ಲ. ಸೂಪರ್‌ವೈಸರ್ ಒಪ್ಪಿಗೆ ಪಡೆದು, ಮಳೆಗಾಲಕ್ಕೆ ಕೊಪ್ಪದಲ್ಲೇ ಬಡಿಸುವ ಏರ್ಪಾಡಾಯಿತು. ಕೊಪ್ಪದ ಸುತ್ತ ಸಿಗುವ ತಜಂಕು ಸೊಪ್ಪು, ನುಗ್ಗೆ, ಕೆಸುವಿನ ಎಲೆ, ಹಲಸಿನ ಬೀಜ, ಒಣಮೀನು ಇವನ್ನೂ ಸೇರಿಸಿದರು. ಅಜ್ಜಿಯರಿಗೆ ಯಾವ ಎಲೆ ಯಾವ ತಿಂಗಳಲ್ಲಿ ತುರಿಸುತ್ತದೆ ಎಂದು ಗೊತ್ತು. ನರ್ಸಿಗೆ ಯಾವುದರಲ್ಲಿ ಕಬ್ಬಿಣ ಇದೆ ಎಂದು ಗೊತ್ತು. ಎರಡೂ ಒಂದೇ ಅಡುಗೆಮನೆಯಲ್ಲಿ ಕೂಡಿದವು.

ಒಂದೇ ಸಾಲು

ಮಳೆ ಮುಗಿಯಿತು. ಮಕ್ಕಳು ತೋಡು ದಾಟಿ ಅಂಗನವಾಡಿಗೆ ಬರತೊಡಗಿದರು. ಆಗ ನಿಜವಾದ ಪರೀಕ್ಷೆ ಶುರುವಾಯಿತು. ಹೆಲ್ಪರ್ ರಜೆಯಲ್ಲಿದ್ದ ದಿನಗಳಲ್ಲಿ ಬದಲಿಗೆ ಕೊಪ್ಪದಲ್ಲಿ ಬೇಯಿಸುತ್ತಿದ್ದ ಹೆಂಗಸನ್ನೇ ಕರೆಯುವುದೆಂದು ಸಮಿತಿ ತೀರ್ಮಾನಿಸಿತು. ಕೈ ಚೊಕ್ಕ, ಅಡುಗೆ ಗೊತ್ತು, ಮಕ್ಕಳ ಪ್ರೀತಿ ಇದೆ. ಬೇರೆ ಏನು ಬೇಕು?

ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಕೆಲವು ಮಕ್ಕಳಿಗೆ ಆ ದಿನಗಳಲ್ಲಿ ಹೊಟ್ಟೆ ಸರಿ ಇರುತ್ತಿರಲಿಲ್ಲ. ಕೆಲವರು ಮನೆಯಿಂದ ಡಬ್ಬಿ ತಂದರು. ಒಬ್ಬ ತಾಯಿ ಮಗುವನ್ನು ಹನ್ನೆರಡಕ್ಕೇ ಕರೆದೊಯ್ಯತೊಡಗಿದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಕೊಪ್ಪದ ಮಕ್ಕಳಿಗೂ ಗೊತ್ತಿತ್ತು, ನಾಲ್ಕು ವರ್ಷದ ಮಗುವಿಗೂ ಅದು ತಿಳಿಯುತ್ತದೆ.

ಟೀಚರ್ ಭಾಷಣ ಮಾಡಲಿಲ್ಲ. ತಮ್ಮ ಮಗಳನ್ನೂ ಕರೆತಂದು ಮಕ್ಕಳ ಸಾಲಿನಲ್ಲೇ ಕೂರಿಸಿದರು, ತಾವೂ ಅಲ್ಲೇ ಉಂಡರು. ತಾಯಂದಿರ ಕೂಟದಲ್ಲಿ ಮಾತು ಬಂದಾಗ ಒಬ್ಬ ಹಿರಿಯ ಉಮ್ಮ, ಮೊಮ್ಮಗನನ್ನು ಬಿಡಲು ಬಂದವರು, "ನನ್ನ ಹುಡುಗ ಇವಳ ಗಂಜಿ ತಿಂದೇ ಗುಂಡಗಾಗಿದ್ದಾನೆ. ಕೈ ತೊಳೆದು ಬೇಯಿಸಿದರೆ ಸಾಕು" ಅಂದರು. ಸಸ್ಯಾಹಾರಿ ಮನೆಯವರ ಕಳವಳವನ್ನು ಬೇರೆಯಾಗಿಯೇ ಕೇಳಿಸಿಕೊಂಡರು. ಮೊಟ್ಟೆ ಬೇಯಿಸಲು ಬೇರೆ ಪಾತ್ರೆ ಬಂತು. ಮೊಟ್ಟೆ ತಿನ್ನದ ಮಕ್ಕಳಿಗೆ ಆ ದಿನ ನೇಂದ್ರ ಬಾಳೆಹಣ್ಣು ಮತ್ತು ನೆಲಗಡಲೆ ಕೊಡುವುದಾಯಿತು. ಆದರೆ ಬೇರೆ ಸಾಲು ಕೇಳಿದವರಿಗೆ ಆಗುವುದಿಲ್ಲ ಎಂದು ಸಮಿತಿ ಸ್ಪಷ್ಟವಾಗಿ ಹೇಳಿತು. ನನ್ನ ಅಭಿಪ್ರಾಯವೂ ಅದೇ. ಏನು ತಿನ್ನಬೇಕು ಅನ್ನುವ ಆಯ್ಕೆಗೆ ಎಷ್ಟು ಬೇಕಾದರೂ ಜಾಗ ಮಾಡಿಕೊಡಬಹುದು. ಯಾರ ಪಕ್ಕ ಕೂರುವುದಿಲ್ಲ ಅನ್ನುವ ಆಯ್ಕೆಗೆ ಸರ್ಕಾರದ ಕಟ್ಟಡದಲ್ಲಿ ಜಾಗ ಇರಬಾರದು. ಎಲ್ಲರನ್ನೂ ಒಳಗೊಳ್ಳುವುದು ಅಂದರೆ ಎಲ್ಲರ ಬೇಡಿಕೆಗೂ ತಲೆಯಾಡಿಸುವುದು ಎಂದು ಕೆಲವರು ತಿಳಿದಿದ್ದಾರೆ. ಹಾಗೆ ಮಾಡಿದರೆ ಹೊರಗೆ ಉಳಿಯುವವರು ಮತ್ತೆ ಅವರೇ.

ಮಗುವನ್ನು ಹನ್ನೆರಡಕ್ಕೆ ಕರೆದೊಯ್ಯುತ್ತಿದ್ದ ತಾಯಿ ಕೆಲವು ತಿಂಗಳ ನಂತರ ಸುಮ್ನೆ ಬಿಟ್ಟುಬಿಟ್ಟರು. ಇನ್ನೊಂದು ಮನೆಯವರು ಮಗುವನ್ನು ಖಾಸಗಿ ನರ್ಸರಿಗೆ ಸೇರಿಸಿದರು.

ಬಸುರಿಯರು, ಮಾತ್ರೆ ಮತ್ತು ಮಂಗಳೂರು

ಇದರ ನಡುವೆ ಬ್ಯಾರಿ ಹೆಂಗಸರು ತಮ್ಮ ಮಾತನ್ನೂ ಕೇಳಿ ಎಂದರು. ಸರಿಯಾದ ಬೇಡಿಕೆ. ಒಂದು ಸಮುದಾಯದ ಕಡೆ ಎಲ್ಲರ ಗಮನ ಹೋದಾಗ ಉಳಿದವರ ತೊಂದರೆ ಮರೆಯಾಗುವುದುಂಟು. ಬಸುರಿಯರ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರುವವರು ಎಲ್ಲ ಮನೆಗಳಲ್ಲೂ ಇದ್ದರು, ತೋಟ ಇರುವ ಮನೆಗಳಲ್ಲೂ. ದಿನಕ್ಕೊಂದು ಕಬ್ಬಿಣದ ಮಾತ್ರೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್, ಒಟ್ಟು 180 ದಿನ ಎಂಬುದು ನಿಯಮ. ಮಾತ್ರೆ ಕೈಗೆ ಸಿಗುತ್ತಿತ್ತು. ನುಂಗುವವರು ಕಡಿಮೆ.

ಕಾರಣಗಳು ಒಂದೊಂದು ಮನೆಯಲ್ಲಿ ಒಂದೊಂದು. ಬೆಳಿಗ್ಗೆ ಚಾಯದ ಜೊತೆ ನುಂಗಿದವರಿಗೆ ವಾಕರಿಕೆ. ಚಾಯ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಮಲ ಕಪ್ಪಗಾದದ್ದು ನೋಡಿ ಹೆದರಿದವರು ಕೆಲವರು. ರಂಜಾನ್ ತಿಂಗಳಲ್ಲಿ ಪೂರ್ತಿ ನಿಲ್ಲಿಸಿದವರು ಕೆಲವರು. ಮಾತ್ರೆಯನ್ನು ರಾತ್ರಿ ಊಟದ ನಂತರ, ಲಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳುವಂತೆ ಬದಲಿಸಿದಾಗ ಅರ್ಧ ತೊಂದರೆ ಕಡಿಮೆಯಾಯಿತು. ವ್ರತದ ತಿಂಗಳಿಗೂ ಅದೇ ಹೊತ್ತು ಹೊಂದಿತು. ಬಸುರಿಗೆ ಉಪವಾಸವನ್ನು ಮುಂದಕ್ಕೆ ಹಾಕಲು ಧರ್ಮದಲ್ಲೇ ಅವಕಾಶ ಇದೆ ಎಂದು ಮದ್ರಸದ ಉಸ್ತಾದರು ಹೆಂಗಸರ ಕೂಟದಲ್ಲಿ ಹೇಳಿದರು. ಆರೋಗ್ಯ ಕೇಂದ್ರದಿಂದ ಹೋಗಿ ನಾವು ಹೇಳಿದ್ದರೆ ಅದು ಬೇರೆಯೇ ಆಗುತ್ತಿತ್ತು.

ಎಲೆಅಡಿಕೆಯ ವಿಷಯವನ್ನು ಮುಟ್ಟದೆ ಹೋಗಲಾರೆ. ಅಡಿಕೆ ನಮ್ಮ ನಾಡಿನ ಅನ್ನ. ಆದರೆ ಬಸುರಿಯರು ಹೊಗೆಸೊಪ್ಪು ಸೇರಿಸಿ ಜಗಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗುತ್ತದೆ. ಈ ಅಭ್ಯಾಸ ಕೊಪ್ಪದಲ್ಲಿ ಮಾತ್ರ ಇಲ್ಲ. ಅದನ್ನು ಎಲ್ಲ ತಾಯಂದಿರ ಎದುರು, ಎಲ್ಲರಿಗೂ ಸೇರಿಸಿ ಹೇಳಿದ್ದು ಒಳ್ಳೆಯದಾಯಿತು.

ಇನ್ನು ಆಸ್ಪತ್ರೆ. ಗಡಿಯ ಈಚೆ ಇರುವ ನಮ್ಮ ಜನರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಹೆರಿಗೆಗೆ ಲೇಡಿಗೋಷನ್ ಎಂಬುದು ಅಜ್ಜಿಯ ಕಾಲದಿಂದಲೂ ಬಾಯಲ್ಲಿದೆ. ಅಲ್ಲಿ ತುಳು, ಕನ್ನಡ, ಬ್ಯಾರಿ ನಡೆಯುತ್ತದೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ವೇಳೆ, ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳ ಎಂದು ದೇಶಕ್ಕೆಲ್ಲ ತಿಳಿಯಿತು, ದಾಟಲಾಗದೆ ಜೀವ ಕಳೆದುಕೊಂಡವರಿದ್ದಾರೆ. ಹಾಗಿದ್ದೂ ನಮ್ಮ ಕಡೆಯಿಂದ ಒಯ್ಯುವ ಚೀಟಿ, ತಾಯಿ ಮಗುವಿನ ಕಾರ್ಡು ಮಲಯಾಳದಲ್ಲಿರುತ್ತಿತ್ತು. ಅಲ್ಲಿಯ ನರ್ಸ್ ಓದಲಾರರು, ಒಯ್ದವರು ವಿವರಿಸಲಾರರು. ಅಲ್ಲಿಂದ ತಂದ ಕನ್ನಡದ ಚೀಟಿ ಇಲ್ಲಿ ಬಂದ ಹೊಸ ಡಾಕ್ಟರಿಗೆ ತಿಳಿಯದು. ಕುಟುಂಬ ಆರೋಗ್ಯ ಕೇಂದ್ರದ ನರ್ಸ್ ಒಂದು ಪುಟದ ಹಾಳೆ ತಯಾರಿಸಿದರು. ಹಿಮೋಗ್ಲೋಬಿನ್, ರಕ್ತದೊತ್ತಡ, ತೂಕ, ಕೊಟ್ಟ ಮಾತ್ರೆ, ಹಾಕಿದ ಇಂಜೆಕ್ಷನ್, ಇಷ್ಟೇ, ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಖರ್ಚು ಝೆರಾಕ್ಸಿನದ್ದು ಮಾತ್ರ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡದ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆ ಹಕ್ಕು ಆಸ್ಪತ್ರೆಯ ಚೀಟಿಯವರೆಗೆ ಇಳಿಯದಿದ್ದರೆ ಏನು ಉಪಯೋಗ?

ಬಾರದ ಮಗು

ಪುಸ್ತಕದಲ್ಲಿ ಸದಾ ಗೈರುಹಾಜರಿ ಇದ್ದ ಇನ್ನೊಂದು ಮಗು ಇತ್ತು. ಐದು ವರ್ಷ. ಕೂರಲು ಬಾರದು, ಕುತ್ತಿಗೆ ನಿಲ್ಲದು. ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಗೇರು ತೋಟಗಳ ಸುತ್ತಿನ ಊರು ಇದು. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಬಿದ್ದದ್ದನ್ನು ಇಲ್ಲಿಯ ಹಿರಿಯರು ಕಣ್ಣಾರೆ ಕಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಈ ಮಗುವಿನ ತೊಂದರೆಗೆ ಕಾರಣ ಅದೇ ಎಂದು ನಾನು ಹೇಳಲಾರೆ. ಮಗುವಿಗೆ ಬೇಕಾದ ಆರೈಕೆ ಕಾರಣ ಯಾವುದಾದರೂ ಒಂದೇ.

ಮೂರು ವರ್ಷ ದಾಟಿದ ಮಕ್ಕಳಿಗೆ ಊಟ ಅಂಗನವಾಡಿಯಲ್ಲಿ. ಅಂಗನವಾಡಿಗೆ ಬರಲಾಗದ ಮಗುವಿಗೆ? ಊಟವೇ ಇಲ್ಲ. ಎಲ್ಲರಿಗಿಂತ ಜಾಸ್ತಿ ಬೇಕಾದ ಮಗು ನಿಯಮದ ಸಂದಿಯಲ್ಲಿ ಬಿದ್ದುಹೋಗಿತ್ತು. ಅಮ್ಮ ಮಲಗಿಸಿಕೊಂಡೇ ಗಂಜಿ ಕುಡಿಸುತ್ತಿದ್ದರು, ಮಗು ಕೆಮ್ಮುತ್ತಿತ್ತು, ಆಗಾಗ ಕಫ ಕಟ್ಟುತ್ತಿತ್ತು. ಮನೆಗೇ ಬಂದು ಆರೈಕೆ ಮಾಡುವ ಪಾಲಿಯೇಟಿವ್ ತಂಡದ ಜೊತೆ ಬಂದ ಫಿಸಿಯೋಥೆರಪಿಸ್ಟ್ ತಲೆಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ತೆಳುವಿನ ಬದಲು ಗಟ್ಟಿ ಹದದ್ದನ್ನು ಸಣ್ಣ ಚಮಚದಲ್ಲಿ ಕೊಡುವುದನ್ನು ಕಲಿಸಿದರು. ಕೆಮ್ಮು ಕಡಿಮೆಯಾಯಿತು. ಊಟದ ಪಾಲನ್ನು ಮನೆಗೆ ಕಳಿಸಲು ಸೂಪರ್‌ವೈಸರ್ ಒಪ್ಪಿದರು. ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಅಂಗನವಾಡಿಗಳಿಗೆ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಟೀಚರಿಗೆ ಅದರ ತರಬೇತಿಗಿಂತ ಹೆಚ್ಚು ಬೇಕಾದದ್ದು ಮನೆಗೆ ಹೋಗಿ ಬರಲು ಬಿಡುವು.

ಪಣೆಯ ಶೆಡ್‌ಗಳ ಮಕ್ಕಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅವರು ಕನ್ನಡದವರೇ ಆದ್ದರಿಂದ ಟೀಚರ್ ಜೊತೆ ಬೇಗ ಬೆರೆತರು. ಕೆಲಸ ಮುಗಿದರೆ ಕುಟುಂಬ ಬೇರೆ ಪಣೆಗೆ ಹೋಗುತ್ತದೆ. ಹೋಗುವಾಗ ಕಾರ್ಡು ಕೈಗೆ ಕೊಟ್ಟು ಕಳಿಸುವುದು ರೂಢಿಯಾಗಿದೆ.

ಏನಾಯಿತು, ಏನಾಗಿಲ್ಲ

ಕೊಪ್ಪದ ಹಳದಿ ಪಟ್ಟಿಯ ಮಕ್ಕಳಲ್ಲಿ ಹೆಚ್ಚಿನವರು ಮುಂದಿನ ಆಟಿಯ ಹೊತ್ತಿಗೆ ಹಸಿರಿಗೆ ಬಂದರು. ಕೆಂಪಿನಲ್ಲಿದ್ದ ಹೆಣ್ಣುಮಗು ಬರಲಿಲ್ಲ. ಅಡ್ಯೆ ತಿಂದರೂ, ಎಣ್ಣೆ ಬೆರೆಸಿದರೂ ಏರಲಿಲ್ಲ. ತಿನ್ನುವಾಗ ಬೆವರುತ್ತಾಳೆ, ಏದುಸಿರು ಬರುತ್ತದೆ ಎಂದು ಅಜ್ಜಿಯೇ ಹೇಳಿದರು. ಪರೀಕ್ಷೆಯಲ್ಲಿ ಹೃದಯದಲ್ಲಿ ರಂಧ್ರ ಇರುವುದು ಕಂಡಿತು. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳಿಗಾಗಿ ಕೇರಳ ಸರ್ಕಾರ ನಡೆಸುವ ಹೃದ್ಯಂ ಯೋಜನೆಯಲ್ಲಿ ಹೆಸರು ಬರೆಸಲಾಯಿತು. ಶಸ್ತ್ರಚಿಕಿತ್ಸೆ ಆಯಿತು, ಈಗ ಚೇತರಿಸುತ್ತಿದ್ದಾಳೆ. ತಿನ್ನಿಸುವವರನ್ನು ಯಾರೂ ಕೇಳದೆ "ತಿಳುವಳಿಕೆ ಸಾಲದು" ಎಂದು ಬರೆದುಕೊಂಡೇ ಇದ್ದಿದ್ದರೆ ಆ ಬೆವರಿನ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹೊಸ ತೊಡಕುಗಳೂ ಬಂದಿವೆ. 2025ರ ಜುಲೈಯಿಂದ ಮನೆಗೆ ಕೊಡುವ ಪೊಟ್ಟಣಕ್ಕೆ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖದ ಗುರುತು ಕಡ್ಡಾಯ. ತಾಯಿ ಗುಡ್ಡದಲ್ಲಿದ್ದಾಳೆ, ಅಜ್ಜಿಯ ಮುಖ ಹೊಂದುವುದಿಲ್ಲ. ಕೊಪ್ಪದಲ್ಲಿ ನೆಟ್‌ವರ್ಕ್ ಒಂದು ಕಲ್ಲಿನ ಮೇಲೆ ನಿಂತರೆ ಮಾತ್ರ ಸಿಗುತ್ತದೆ. ತಿಂಗಳಿಗೊಮ್ಮೆ ಸಂಜೆ ಟೀಚರ್ ಫೋನ್ ಹಿಡಿದು ಅಲ್ಲಿಗೇ ಹೋಗುತ್ತಾರೆ, ತಾಯಂದಿರು ಬಂದ ಮೇಲೆ. ಇದು ಅವರ ಸಂಬಳದ ಲೆಕ್ಕದಲ್ಲಿ ಇಲ್ಲದ ಕೆಲಸ. ಬೇಯಿಸುವವರ ದಿನಗೂಲಿಯೂ ಪ್ರತಿ ವರ್ಷ ಹೊಸ ನಿರ್ಣಯದ ಮೇಲೆ ನಿಂತಿದೆ. ಒಂದು ವರ್ಷ ಊರುಕೂಟ ತಡವಾದರೆ ಮಳೆಗಾಲದ ಮೊದಲ ತಿಂಗಳ ಹಣ ಬರುವುದಿಲ್ಲ.

ಕಳೆದ ಊರುಕೂಟದಲ್ಲಿ ಹೆಂಗಸರು ಕಾಲುಸಂಕದ ಬೇಡಿಕೆ ಇಟ್ಟರು. ರಸ್ತೆ ಮತ್ತು ಸೇತುವೆಯ ಪಟ್ಟಿಯಲ್ಲಿ ಬರೆದುಕೊಳ್ಳಲು ಹೋದ ಗುಮಾಸ್ತರಿಗೆ, ಅದನ್ನು ಮಕ್ಕಳ ಆರೋಗ್ಯದ ಪಟ್ಟಿಯಲ್ಲೇ ಬರೆಯಿರಿ ಎಂದು ಆ ಪ್ಲಸ್ ಟು ಹುಡುಗಿ ಹೇಳಿದಳು. ಹಾಗೆಯೇ ಬರೆದಿದ್ದಾರೆ. ಅಂದಾಜು ಪಟ್ಟಿ ಪಂಚಾಯತ್ ಎಂಜಿನಿಯರ್ ಬಳಿ ಇದೆ. ತೋಡಿನ ಎರಡು ಬದಿಯ ಜಾಗದಲ್ಲಿ ಒಂದು ಬದಿ ಖಾಸಗಿಯವರದ್ದು, ಅವರ ಒಪ್ಪಿಗೆಯ ಕಾಗದ ಸಿಗಬೇಕು. ಮೆಂಬರ್ ಮತ್ತು ಆಶಾ ಆ ಮನೆಗೆ ಹೋಗಿ ಮಾತಾಡುತ್ತಿದ್ದಾರೆ.